ಬಾ ಎನ್ನದ ಊರು

ಆ ಊರಲ್ಲಿ ಯಾರೂ ಯಾರನ್ನೂ ಬಾ ಎಂದು ಕರೆಯುತ್ತಿರಲಿಲ್ಲ.

ಹಾಗಂತ ಅವರು ಒರಟು ಜನರೇನಲ್ಲ. ನೆಂಟರು ಬಂದರೆ ಬಾಗಿಲಲ್ಲಿ ನಿಂತು, "ಹೊರಗೆ ಬಿಸಿಲು, ಒಳಗೆ ನೆರಳಿದೆ" ಅನ್ನುತ್ತಿದ್ದರು. ನೆಂಟರು ಅಷ್ಟರಲ್ಲೇ ಅರ್ಥ ಮಾಡಿಕೊಂಡು ಚಪ್ಪಲಿ ಬಿಡಬೇಕು. ಮಕ್ಕಳನ್ನು ಊಟಕ್ಕೆ ಕರೆಯುವ ತಾಯಂದಿರು "ಮುದ್ದೆ ಆರುತ್ತಾ ಇದೆ" ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಮದುವೆ ಮನೆಯವರು ವೀಳ್ಯ ಹಿಡಿದು ಮನೆಮನೆಗೆ ಹೋಗಿ, "ಹುಣ್ಣಿಮೆಗೆ ನಮ್ಮಲ್ಲಿ ಮದುವೆ. ಪಾಯಸ ಸ್ವಲ್ಪ ಹೆಚ್ಚೇ ಮಾಡಿಸಿದ್ದೇವೆ" ಎಂದು ಹೇಳಿ ಸುಮ್ಮನಾಗುತ್ತಿದ್ದರು. ಅರ್ಥವಾದವರು ಹೋದರು. ಆಗದವರು, "ನಮ್ಮನ್ನು ಯಾರು ಕರೆದರು?" ಎಂದು ಮುನಿಸಿಕೊಂಡು ಮನೆಯಲ್ಲೇ ಉಳಿದರು. ಕಾಲ ಕಳೆದಂತೆ ಮನೆಯಲ್ಲೇ ಉಳಿದವರೇ ಹೆಚ್ಚಾದರು, ಪಾಯಸವೂ ಕಡಿಮೆಯಾಗುತ್ತ ಬಂತು.

ಗಿಳಿ ಸಾಕುವುದನ್ನು ಆ ಊರು ಎಂದೋ ಬಿಟ್ಟಿತ್ತು. ಗಿಳಿಗೆ ಯಾವಾಗ ಯಾವ ಮಾತು ಬಂದೀತೋ ಹೇಳಲಾಗದು. ಕುರಿಗಳ ಬಗ್ಗೆಯೂ ದೊಡ್ಡ ಚರ್ಚೆ ನಡೆದಿತ್ತು. ಕುರಿ ಅನ್ನುವುದು ಬ್ಯಾ ಎಂದೇ ಹೊರತು ಬಾ ಎಂದಲ್ಲ ಅಂತ ತೀರ್ಮಾನವಾದ ಮೇಲೇ ಅವು ಊರಲ್ಲಿ ಉಳಿದದ್ದು.

ಇಷ್ಟಕ್ಕೆಲ್ಲ ಕಾರಣ ದೊಡ್ಡವರು.

ದೊಡ್ಡವರು ಹೊಳೆಯಾಚೆಯ ಅರಮನೆಯಲ್ಲಿದ್ದರು. ಅಜ್ಜಂದಿರ ಅಜ್ಜಂದಿರೂ ಅವರನ್ನು ದೊಡ್ಡವರು ಎಂದೇ ಕರೆದಿದ್ದರು. ಹೆಸರು ಯಾರಿಗೂ ತಿಳಿಯದು. ಹಗಲು ಅವರನ್ನು ಕಂಡವರಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವರು ಸೇತುವೆ ದಾಟಿ ಊರೊಳಗೆ ಇಳಿಯುತ್ತಿದ್ದರು. ಮಡಿಕೆ ಕೆಡದ ಬಿಳಿ ಅಂಗಿ. ಬಣ್ಣವಿಲ್ಲದ ಕೆನ್ನೆ. ದೀಪದ ಮುಂದೆ ನಿಂತರೆ ಗೋಡೆಯ ಮೇಲೆ ನೆರಳಿಲ್ಲ. ಬೀದಿಯಲ್ಲಿ ನಡೆಯಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಬೀದಿ ಎಲ್ಲರದು. ಹೊಸ್ತಿಲು ದಾಟಲು ಮಾತ್ರ ಬೇಕಿತ್ತು. ಅದಕ್ಕೇ ಅವರು ಒಂದೊಂದು ಬಾಗಿಲ ಮುಂದೆಯೂ ನಿಂತು, ತುಂಬ ಮರ್ಯಾದೆಯಿಂದ, ಮೆಲುದನಿಯಲ್ಲಿ ಕೇಳುತ್ತಿದ್ದರು:

"ಬರಲೇ?"

ಒಳಗಿದ್ದವರು ಉಸಿರು ಬಿಗಿ ಹಿಡಿದು ಕೂರುತ್ತಿದ್ದರು. ದೊಡ್ಡವರು ಸ್ವಲ್ಪ ಕಾದು, ಮುಂದಿನ ಬಾಗಿಲಿಗೆ ಹೋಗುತ್ತಿದ್ದರು. "ಬರಲೇ?" ಮೌನ. ಅದರಾಚೆಯ ಬಾಗಿಲು. "ಬರಲೇ?" ಮತ್ತೆ ಮೌನ. ದಿನವೂ ಹೀಗೆಯೇ ಬೀದಿ ಮುಗಿಯುತ್ತಿತ್ತು.

ಯಾರೋ ಒಬ್ಬರು, ಎಂದೋ ಒಂದು ಸಂಜೆ, ಬಾ ಅನ್ನುತ್ತಿದ್ದರು. ಆಗ ದೊಡ್ಡವರು ಒಳಗೆ ಹೋಗಿ, ಪಕ್ಕದಲ್ಲಿ ಕೂತು, ಕ್ಷೇಮ ವಿಚಾರಿಸಿ, ಕೈ ಹಿಡಿದು, ಮಣಿಕಟ್ಟಿನಿಂದ ಒಂದಿಷ್ಟು ಕುಡಿದು ಎದ್ದು ಹೋಗುತ್ತಿದ್ದರು. ನೋವೇ ಆಗುವುದಿಲ್ಲವಂತೆ. ಮರುದಿನ ಮತ್ತೆ ಬರುತ್ತಿದ್ದರು. ಒಮ್ಮೆ ಕರೆದಾದ ಮೇಲೆ ಮತ್ತೆ ಕರೆಯಬೇಕಾಗಿಲ್ಲ. ಕರೆದವರಿಗೆ ಎದ್ದು ನಿಲ್ಲುವ ಶಕ್ತಿ ಹೋದ ಸಂಜೆ ಅವರನ್ನು ಜೊತೆಗೆ ಕರೆದುಕೊಂಡು ಸೇತುವೆ ದಾಟುತ್ತಿದ್ದರು. ಹಾಗೆ ದಾಟಿದವರು ತಿರುಗಿ ಬಂದದ್ದಿಲ್ಲ, ಅವರು ಕೊಟ್ಟ ಕರೆಯೂ ಅವರೊಂದಿಗೇ ಮುಗಿಯುತ್ತಿತ್ತು. ಅದಕ್ಕೇ ಊರ ಹಿರಿಯರು ಸೇರಿ ಆ ಮಾತನ್ನೇ ಊರಿಂದ ಹೊರಗೆ ಹಾಕಿದ್ದರು. ಮಾತೇ ಇಲ್ಲದಿದ್ದರೆ ಬಾಯಿ ತಪ್ಪುವ ಭಯವೂ ಇಲ್ಲ.

ಬೀದಿಯ ಕೊನೆಯ ಮನೆ ಬಣ್ಣಗಾರ್ತಿಯದು. ಅವಳು ನೂಲಿಗೆ, ಬಟ್ಟೆಗೆ ಕೆಂಪು ಬಣ್ಣ ಹಾಕುವವಳು. ಮಂಜಿಷ್ಠದ ಬೇರು ಕುದಿಸಿ ಕುದಿಸಿ ಅವಳ ಕೈ ಮೊಣಕೈವರೆಗೂ ಕೆಂಪಗೇ ಇರುತ್ತಿತ್ತು. ಅಂಗಳದ ತುಂಬ ಕೆಂಪು ಸೀರೆ, ಕೆಂಪು ನೂಲು. ಅವಳಿಗೆ ಒಬ್ಬಳೇ ಮಗಳು, ಇರುವಂತಿ. ಇರುವಂತಿ ಇನ್ನೂ ತೊಟ್ಟಿಲಲ್ಲಿದ್ದಾಗ ಅವಳ ಅಪ್ಪ, ಕೆಲಸದಿಂದ ದಣಿದು ಕೂತಿದ್ದವನು, ಬಾಗಿಲಲ್ಲಿ ದನಿ ಕೇಳಿ ತಮ್ಮನಿರಬೇಕೆಂದು ತಿಳಿದು "ಬಾರೋ" ಅಂದುಬಿಟ್ಟಿದ್ದ. ಅವನು ಸೇತುವೆ ದಾಟಿದ ಮೇಲೆ ಬಣ್ಣಗಾರ್ತಿ ಆ ಒಂದು ಮಾತನ್ನು ಮಾತ್ರವಲ್ಲ, ಉಳಿದ ಮಾತುಗಳನ್ನೂ ಹೆಚ್ಚುಕಡಿಮೆ ಬಿಟ್ಟಳು. "ಉಣ್ಣು." "ಮಲಗು." "ನೂಲು ಹಿಂಡು." ಇಷ್ಟರಲ್ಲೇ ಮಗಳು ಬೆಳೆದು ದೊಡ್ಡವಳಾದಳು. ಅವರ ಮನೆಗೆ ಯಾರೂ ಬರುತ್ತಿರಲಿಲ್ಲ. ಬಟ್ಟೆ ಕೊಡುವವರು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು, ಒಯ್ಯುವವರು ಕಟ್ಟೆಯಿಂದಲೇ ಒಯ್ಯುತ್ತಿದ್ದರು.

ದಿನದ ಕೊನೆಗೆ, ದೀಪ ಹಚ್ಚುವ ಹೊತ್ತಿಗೆ, ಬಾಗಿಲಾಚೆ ಒಂದು ದನಿ ಮಾತ್ರ ತಪ್ಪದೆ ಕೇಳುತ್ತಿತ್ತು. "ಬರಲೇ?"

ಒಂದು ಸಂಜೆ ಬಣ್ಣಗಾರ್ತಿ ಹೊಳೆಯಲ್ಲಿ ಬಟ್ಟೆ ಜಾಲಿಸಿ ಬರುವುದು ತಡವಾಯಿತು. ಇರುವಂತಿ ಒಬ್ಬಳೇ ಕೂತು ನೂಲು ಸುತ್ತುತ್ತಿದ್ದಳು. ಬಾಗಿಲಲ್ಲಿ ದನಿ ಬಂತು. ಅವಳ ಬಾಯಿ ತಪ್ಪಲಿಲ್ಲ, ಮೈಮರೆವೂ ಆಗಲಿಲ್ಲ. ನೂಲಿನ ಉಂಡೆಯನ್ನು ಕೆಳಗಿಟ್ಟು, ಬಾಗಿಲ ಕಡೆ ತಿರುಗಿ, ಸ್ಪಷ್ಟವಾಗಿಯೇ ಹೇಳಿದಳು.

"ಬನ್ನಿ."

ದೊಡ್ಡವರು ಒಳಗೆ ಬಂದು ಚಾಪೆಯ ಮೇಲೆ ಕೂತರು. ಸುತ್ತ ತೂಗುಬಿದ್ದ ನೂಲನ್ನು ನೋಡಿ, "ಇದೂ ಕೆಂಪು, ಅದೂ ಕೆಂಪು. ಆದರೆ ಎರಡೂ ಬೇರೆ ಅಲ್ಲವೇ?" ಎಂದರು.

ಇರುವಂತಿ ನೂಲಿನ ಎಳೆಯೊಂದನ್ನು ಕೈಗೆತ್ತಿಕೊಂಡಳು. ಅವಳನ್ನು ಯಾರೂ ಏನನ್ನೂ ಕೇಳಿದ್ದಿಲ್ಲ. "ಇದು ಮೊದಲ ಕುದಿಯದು," ಎಂದಳು. "ಅದು ರಾತ್ರಿ ನೆನೆಸಿ ಎರಡನೇ ಸಲ ಕುದಿಸಿದ್ದು. ನಾನು ಅದಕ್ಕೆ ಹುಂಜದ ಜುಟ್ಟು ಅಂತ ಹೆಸರಿಟ್ಟಿದೀನಿ. ಇದಕ್ಕೆ ಹಸುಗೂಸಿನ ಹಿಮ್ಮಡಿ."

"ಮತ್ತೆ ಆ ಮೂಲೆಯದು?"

ಇರುವಂತಿ ಹೇಳುತ್ತ ಹೋದಳು. ದೊಡ್ಡವರು ಕೇಳುತ್ತ ಹೋದರು. ಅವರಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಲೋಕದಲ್ಲೇ ಇರಲಿಲ್ಲ. ಏಳುವ ಹೊತ್ತಿಗೆ ಅವಳ ಕೈಯನ್ನು ಹೂವಿನ ಹಾಗೆ ಎತ್ತಿಕೊಂಡು ಮಣಿಕಟ್ಟಿಗೆ ತುಟಿಯಿಟ್ಟರು. ನಿಜ, ನೋವಾಗಲಿಲ್ಲ. ಹಗುರವಾಯಿತು ಅಷ್ಟೆ.

ಬೆಳಿಗ್ಗೆ ಮಗಳು ನೂಲು ಹಿಂಡುವಾಗ ಬಣ್ಣಗಾರ್ತಿಯ ಕಣ್ಣು ಅವಳ ಉಗುರಿನ ಮೇಲೆ ಬಿತ್ತು. ಕೆಂಪು ನೂಲಿನ ನಡುವೆ ಉಗುರು ಸುಣ್ಣದ ಹಾಗೆ ಬೆಳ್ಳಗಿತ್ತು.

"ಯಾರು ಬಂದಿದ್ದರು?"

"ಅವರು."

"ನೀನು ಏನಂದೆ?"

"ಬನ್ನಿ ಅಂದೆ."

ಬಣ್ಣಗಾರ್ತಿ ಹಣೆ ಹಣೆ ಚಚ್ಚಿಕೊಂಡಳು. ಹಣೆಯೂ ಕೆಂಪಾಯಿತು. "ಯಾಕೆ ಅಂದೆಯೇ? ಗೊತ್ತಿದ್ದೂ ಯಾಕೆ ಅಂದೆ?"

"ಅವರು ಕೇಳಿದರಮ್ಮ," ಎಂದಳು ಇರುವಂತಿ. "ಇನ್ನು ಯಾರೂ ಕೇಳಲ್ಲ."

ಸುದ್ದಿ ಊರಿಗೆ ಮುಟ್ಟಿತು. ಊರ ಯಜಮಾನ ಹಿರಿಯರನ್ನು ಕಟ್ಟಿಕೊಂಡು ಬಂದು ಬಣ್ಣಗಾರ್ತಿಯ ಬಾಗಿಲಿಂದ ಒಂದು ಮಾರು ದೂರ ನಿಂತು ಗಂಭೀರವಾಗಿ ತಲೆಯಾಡಿಸಿದ. ಯಾರೂ ಕರೆಯಲಿಲ್ಲವಾದ್ದರಿಂದ ಒಳಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಆದರೆ ಅವರ ಮನಸ್ಸು ಕಲ್ಲೇನಲ್ಲ, ತಮ್ಮ ಕೈಲಾದದ್ದನ್ನು ಕಟ್ಟೆಯ ಮೇಲಿಟ್ಟು ಹೋದರು. ಒಬ್ಬರು ಬೇವಿನ ಸೊಪ್ಪು ಕೊಟ್ಟರು. ಒಬ್ಬರು ಹಳೇ ಪೊರಕೆ ಕೊಟ್ಟರು. ಒಬ್ಬರು ಹರಿದ ಚಪ್ಪಲಿ, ಒಬ್ಬರು ಕುಂಕುಮ ಮೆತ್ತಿದ ಬೂದುಗುಂಬಳ, ಒಬ್ಬರು ತುಕ್ಕು ಹಿಡಿದ ಕುಡುಗೋಲು. ಬಣ್ಣಗಾರ್ತಿ ಎಲ್ಲವನ್ನೂ ಬಾಗಿಲಿಗೆ ಕಟ್ಟಿದಳು. ಬಾಗಿಲು ಸಂತೆಯ ಅಂಗಡಿಯ ಹಾಗೆ ಕಂಡಿತು.

ಸಂಜೆ ದೊಡ್ಡವರು ಬಂದರು. ಬೂದುಗುಂಬಳಕ್ಕೆ ತಲೆ ತಾಗದಂತೆ ಬಗ್ಗಿ, ಚಪ್ಪಲಿಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿ, ಒಳಗೆ ಕಾಲಿಟ್ಟರು. ಬಣ್ಣಗಾರ್ತಿ ಮಗಳಿಗೆ ಅಡ್ಡ ಕೂತಳು. ದೊಡ್ಡವರು ಇನ್ನೊಂದು ಪಕ್ಕಕ್ಕೆ ಬಂದು ಕೂತರು.

"ಹೋಗಿ," ಎಂದಳು ಬಣ್ಣಗಾರ್ತಿ. "ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ."

"ಕರೆದವಳು ಹೇಳಲಿ, ಹೋಗುತ್ತೇನೆ," ಎಂದರು ದೊಡ್ಡವರು.

ಬಣ್ಣಗಾರ್ತಿ ಮಗಳ ಮುಖ ನೋಡಿದಳು. ಮಗಳು ಗೋಡೆ ನೋಡಿದಳು. ಅವಳಿಂದ ಆ ಮಾತು ಹೊರಡಲಿಲ್ಲ. ಜೀವಮಾನದಲ್ಲಿ ಬಂದವರು ಅವರೊಬ್ಬರೇ, ಅವರನ್ನೂ ಹೋಗಿ ಅನ್ನುವುದು ಹೇಗೆ?

ಹೀಗೇ ಸಂಜೆಯ ಮೇಲೆ ಸಂಜೆ ಕಳೆದವು. ಇರುವಂತಿಯ ತುಟಿ ಬೆಳ್ಳಗಾಯಿತು, ಕಿವಿ ಬೆಳ್ಳಗಾಯಿತು. ಅಂಗಳದ ಕೆಂಪು ಸೀರೆಗಳ ನಡುವೆ ಅವಳು ಬಣ್ಣಕ್ಕೆ ಅದ್ದಲು ಮರೆತ ಬಟ್ಟೆಯ ಹಾಗೆ ಕಾಣುತ್ತಿದ್ದಳು. ಒಂದು ಬೆಳಿಗ್ಗೆ ಅವಳಿಗೆ ಗೋಡೆ ಹಿಡಿಯದೆ ಏಳಲಾಗಲಿಲ್ಲ. ಇವತ್ತು ಸಂಜೆಯೇ ಎಂದು ಬಣ್ಣಗಾರ್ತಿಗೆ ತಿಳಿಯಿತು.

ಅದೇ ಬೆಳಿಗ್ಗೆ ಊರಿಗೆ ಒಬ್ಬ ಉಪ್ಪಿನವಳು ಬಂದಳು. ದೂರದ ಕರಾವಳಿಯಿಂದ ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುವವಳು. ಈ ಊರಿನ ದಾರಿ ಅವಳಿಗೆ ಹೊಸದು, ಇಲ್ಲಿಯ ಕಟ್ಟಳೆ ಗೊತ್ತಿಲ್ಲ. ಬೀದಿಯ ತುದಿಯಲ್ಲಿ ನಿಂತು, ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು:

"ಉಪ್ಪು ಬಂದೈತೆ ಬನ್ನೀ! ಅಕ್ಕಂದಿರು ಬನ್ನಿ, ತಾಯಂದಿರು ಬನ್ನಿ, ಗಡಿಗೆ ತಗೊಂಡು ಬನ್ನಿ!"

ದಡಾರ್, ದಡಾರ್ ಎಂದು ಬಾಗಿಲುಗಳು ಮುಚ್ಚಿಕೊಂಡವು. ಕಿಟಕಿಗಳು ಮುಚ್ಚಿಕೊಂಡವು. ಯಾರದೋ ಮನೆಯ ಕೋಳಿ ಹೊರಗೇ ಉಳಿದು ದಿಕ್ಕು ತೋಚದೆ ಓಡಾಡಿತು. "ಏನಪ್ಪಾ, ಉಪ್ಪು ತಿನ್ನೋ ಊರೋ ಅಲ್ಲವೋ ಇದು?" ಎಂದುಕೊಂಡು ಉಪ್ಪಿನವಳು ಮುಂದೆ ನಡೆದಳು. ಬಣ್ಣಗಾರ್ತಿಯ ಬಾಗಿಲಿಗೆ ಬಂದಾಗ ಕತ್ತೆ ನಿಂತುಬಿಟ್ಟಿತು. ತೋರಣದ ಬೇವಿನ ಸೊಪ್ಪನ್ನು ಕಿತ್ತು ನಿಧಾನವಾಗಿ ಮೇಯತೊಡಗಿತು. ಪೊರಕೆಯ ರುಚಿಯನ್ನೂ ನೋಡಿತು.

ಒಳಗಿಂದ ಓಡಿಬಂದ ಬಣ್ಣಗಾರ್ತಿ ಕತ್ತೆಯನ್ನು ನೋಡಿ, ಬಯ್ಯಲೂ ತ್ರಾಣವಿಲ್ಲದೆ, ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು.

"ಅಯ್ಯೋ, ಸೊಪ್ಪಿಗೆ ಯಾರಾದರೂ ಅಳ್ತಾರಾ ತಾಯಿ!" ಎಂದು ಉಪ್ಪಿನವಳು ಅವಳ ಪಕ್ಕದಲ್ಲೇ ಕೂತಳು. ಆ ಬಾಗಿಲಲ್ಲಿ ಯಾರಾದರೂ ಬಂದು ಕೂತು ಎಷ್ಟೋ ವರ್ಷವಾಗಿತ್ತು. ಬಣ್ಣಗಾರ್ತಿ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ, ಉಪ್ಪಿನ ಚೀಲದ ಕಡೆ ಕೈ ತೋರಿಸಿ, "ಇದನ್ನ ಬಾಗಿಲಿಗೆ ಸುರಿದರೆ ಅವರು ಒಳಗೆ ಬರದೆ ನಿಲ್ತಾರಾ?" ಎಂದು ಕೇಳಿದಳು.

"ಉಪ್ಪು ಸಾರಿಗೆ ಹಾಕೋದು ಕಣಮ್ಮ. ನಾನೇನು ಮಂತ್ರಗಾತಿಯಾ?" ಉಪ್ಪಿನವಳು ಒಳಗೆ ಇಣುಕಿ ಇರುವಂತಿಯನ್ನು ನೋಡಿದಳು. ಅವಳ ದನಿ ಇಳಿಯಿತು. "ಕೂಸು ಬೆಂಕಿ ಹತ್ತಿರ ಯಾಕೆ ಹೋಯ್ತು ಅಂತ ಬಯ್ಯೋ ಮೊದಲು, ಮನೇಲಿ ಚಳಿ ಇತ್ತಾ ಅಂತ ನೋಡಬೇಕು. ನಿಮ್ಮೂರಲ್ಲಿ ಬರಲಾ ಅಂತ ಕೇಳೋನು ಅವನೊಬ್ಬನೇ. ನಿನ್ನ ಮಗಳು ಅವನನ್ನೇ ಕರೆದಳು. ಇನ್ಯಾರನ್ನ ಕರೀಬೇಕಿತ್ತು ಹೇಳು?"

"ಈಗ ಏನು ಮಾಡಲಿ?"

"ನೀನೂ ಕರಿ. ಊರನ್ನೇ ಕರಿ. ನೀನೊಬ್ಬಳೇ ಅಡ್ಡ ಕೂತರೆ ಅವನು ಇನ್ನೊಂದು ಪಕ್ಕಕ್ಕೆ ಬರ್ತಾನೆ. ಅವನಿಗೆ ಕೂರೋಕೆ ಪಕ್ಕಾನೇ ಉಳೀಬಾರದು."

"ಆ ಮಾತು ನನ್ನ ಬಾಯಲ್ಲಿ ಬರಲ್ಲ."

"ಬರದಿದ್ದರೆ ಮಗಳನ್ನ ಅವನ ಜೊತೆ ಕಳಿಸಿಕೊಡು," ಎಂದು ಉಪ್ಪಿನವಳು ಎದ್ದು, ಬಣ್ಣದ ಒಲೆಯ ಪಕ್ಕದ ಅಡುಗೆ ಒಲೆಗೆ ಬೆಂಕಿ ಹಾಕಲು ಒಳಗೆ ಹೋದಳು. ಅವಳನ್ನು ಯಾರೂ ಕರೆದಿರಲಿಲ್ಲ. ಅದು ಅವಳ ಗಮನಕ್ಕೂ ಬರಲಿಲ್ಲ.

ಬಣ್ಣಗಾರ್ತಿ ಬೀದಿಯ ನಡುವೆ ಬಂದು ನಿಂತಳು. ಬಾಯಿ ತೆರೆದಳು. ಬ, ಬ, ಎಂದು ಕುರಿಮರಿಯ ಹಾಗೆ ತೊದಲಿದಳು. ಗಂಡ ಸೇತುವೆ ದಾಟಿದ ದಿನ ಕಣ್ಣ ಮುಂದೆ ಬಂತು. ನಾಲಿಗೆ ಒಳಗೇ ಮಡಚಿಕೊಂಡಿತು. ಮತ್ತೆ ಬಾಯಿ ತೆರೆದಳು. ಈ ಸಲ ಅದು ಎದೆ ಸೀಳಿಕೊಂಡು ಹೊರಗೆ ಬಂತು.

"ಬನ್ನಿ! ನನ್ನ ಮಗಳು ಸಾಯ್ತಿದಾಳೆ, ಬನ್ನಿ! ಯಾರಾದರೂ ಬನ್ನಿ!"

ಬೀದಿ ಸುಮ್ಮನಿತ್ತು. ಬಾಗಿಲುಗಳು ಸುಮ್ಮನಿದ್ದವು. ಒಳಗೊಳಗೇ ಜನ ಒಬ್ಬರ ಮುಖ ಒಬ್ಬರು ನೋಡಿದರು.

ಮೊದಲು ಬಂದವನು ಗಾಣಿಗ. ಅವನಿಗೆ ಪೂರಾ ಕಿವುಡು. ಕರೆದದ್ದು ಅವನಿಗೆ ಕೇಳಿಸಿರಲೇ ಇಲ್ಲ. ಗಾಣದ ಎತ್ತಿಗೆ ನೀರು ಕುಡಿಸುತ್ತಿದ್ದವನಿಗೆ ಬೀದಿಯ ನಡುವೆ ಒಬ್ಬಳು ನಿಂತು ಅಳುವುದು ಕಾಣಿಸಿತು, ಬಂದ. "ಏನಾಯ್ತವ್ವಾ?" ಎಂದು ಊರಿಗೇ ಕೇಳುವಂತೆ ಕೂಗಿ ಕೇಳಿದ. ಬಣ್ಣಗಾರ್ತಿ ಮನೆಯ ಕಡೆ ಕೈ ತೋರಿಸಿದಳು. ಅವನು ಸೀದಾ ಒಳಗೆ ಹೋಗಿ, ಇರುವಂತಿಯನ್ನು ನೋಡಿ, ಹೊರಗೆ ಬಂದು, ಮನೆಗೆ ಓಡಿ, ಎಳ್ಳೆಣ್ಣೆಯ ಕುಡಿಕೆ ತಂದು ಅವಳ ತಣ್ಣಗಿನ ಪಾದ ತಿಕ್ಕಲು ಕೂತ.

ಆಗ ಯಜಮಾನನ ಬಾಗಿಲು ತೆರೆಯಿತು. "ಏನು ಮಾತಮ್ಮಾ ಅದು! ಕಟ್ಟಳೆ ಏನಿದೆ, ನೀನು ಏನು ಕೂಗ್ತಿದೀಯ!"

ಬಣ್ಣಗಾರ್ತಿ ಅವನ ಕಡೆ ತಿರುಗಿ, ಕೆಂಪು ಕೈ ಜೋಡಿಸಿದಳು. "ಯಜಮಾನರೇ, ನೀವೂ ಬನ್ನಿ."

ಯಜಮಾನನ ಕೈ ಎತ್ತಿದಲ್ಲೇ ನಿಂತಿತು. ಹುಟ್ಟಿದಾಗಿನಿಂದ ಅವನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಅಷ್ಟರಲ್ಲಿ ಅವನ ಹೆಂಡತಿ ಮಜ್ಜಿಗೆಯ ಗಡಿಗೆ ಸೊಂಟಕ್ಕೆ ಏರಿಸಿಕೊಂಡು ಅವನನ್ನು ದಾಟಿ ನಡೆದೇಬಿಟ್ಟಿದ್ದಳು.

"ನಮ್ಮನ್ನ ಕರೆದರು ಕಣ್ರೀ," ಎಂದಳು ತಿರುಗಿ. "ನಿಂತ್ಕೊಂಡೇನು ನೋಡ್ತೀರಿ, ಮೆಟ್ಟು ಹಾಕ್ಕೊಳ್ಳಿ."

ಆಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು. ಬಂದವರು ಬರಿಗೈಲಿ ಬರಲಿಲ್ಲ. ರೊಟ್ಟಿ ತಂದರು, ಹುರುಳಿಕಟ್ಟಿನ ಸಾರು ತಂದರು, ಕೂಸುಗಳನ್ನು ತಂದರು, ಕೋಳಿ ತಂದರು. ಉಪ್ಪಿನವಳು ದೊಡ್ಡ ಹಂಡೆಯಲ್ಲಿ ಅನ್ನಕ್ಕಿಟ್ಟಳು. ಬಂದವರೆಲ್ಲ ಸರದಿಯಲ್ಲಿ ಇರುವಂತಿಯ ಮುಂದೆ ಕೂತು ಒಂದೊಂದು ತುತ್ತು ಬಾಯಿಗಿಟ್ಟರು. ಒಬ್ಬಳು ಕಲಸಿ ಇಟ್ಟಳು, ಒಬ್ಬಳು ಊದಿ ಇಟ್ಟಳು, ಗಾಣಿಗ ಎಣ್ಣೆಗೈಯಲ್ಲೇ ಇಟ್ಟ. ತುತ್ತಿನ ಮೇಲೆ ತುತ್ತು, ಕೈಯ ಮೇಲೆ ಕೈ.

ಒಳಗೆ ಸದ್ದೋ ಸದ್ದು. ಗೋಡೆಯಾಚೆ ಈಚೆ ಬದುಕಿದ್ದ ಹೆಂಗಸರು, "ಅಯ್ಯೋ, ನಿನಗೆ ಇಷ್ಟು ದೊಡ್ಡ ಮಗನಾ!" ಎಂದು ಬೆರಗಾದರು. ಎಂದೋ ನಿಂತುಹೋದ ಜಗಳವೊಂದು ಬಿಟ್ಟ ಜಾಗದಿಂದಲೇ ಮುಂದುವರಿಯಿತು. ಯಾರೋ ಇರುವಂತಿಯನ್ನು, "ಈ ಕೆಂಪು ಹೆಂಗೆ ಬರುತ್ತೇ?" ಎಂದು ಕೇಳಿದರು, ಅವಳು ಉತ್ತರ ಶುರು ಮಾಡುವಷ್ಟರಲ್ಲಿ ಇನ್ನೊಬ್ಬಳು, "ತಲೆಗೆ ಎಣ್ಣೆ ಕಾಣಿಸಿ ಎಷ್ಟು ದಿನವಾಯ್ತೇ?" ಎಂದು ಜಡೆ ಬಿಚ್ಚತೊಡಗಿದಳು. ನಿಜ ಹೇಳಬೇಕೆಂದರೆ, ದೊಡ್ಡವರಷ್ಟು ಚೆನ್ನಾಗಿ ಅಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಆದರೆ ಕೇಳಿಸಿಕೊಂಡಷ್ಟಕ್ಕೆ ಯಾರೂ ಅವಳಿಂದ ಏನನ್ನೂ ತೆಗೆದುಕೊಂಡು ಹೋಗಲಿಲ್ಲ. ಇರುವಂತಿ ಒಬ್ಬೊಬ್ಬರ ಮುಖವನ್ನೂ ಹೊಸ ಬಣ್ಣವನ್ನು ನೋಡುವಂತೆ ನೋಡಿದಳು.

ದೀಪ ಹಚ್ಚುವ ಹೊತ್ತಾಯಿತು. ದೊಡ್ಡವರು ಬಂದರು.

ಮನೆ ಒಮ್ಮೆಲೇ ತಣ್ಣಗಾಯಿತು. ಮಾತು ನಿಂತಿತು. ಕೂಸುಗಳೂ ಸುಮ್ಮನಾದವು. ದೊಡ್ಡವರು ಅಂಗಳದಲ್ಲಿ ನಿಂತು ತುಂಬಿದ ಮನೆಯನ್ನು ನೋಡಿದರು. ಕೇಳಬೇಕಾದ ಅಗತ್ಯ ಅವರಿಗಿರಲಿಲ್ಲ. ಆದರೂ ಮರ್ಯಾದೆಗೆ ಕೇಳಿದರು.

"ಬರಲೇ?"

ಹೊಸ್ತಿಲ ಮೇಲೆ ಬೀದಿಗೆ ಬೆನ್ನು ಹಾಕಿ ಕೂತಿದ್ದ ಗಾಣಿಗನಿಗೆ ಅದು ಕೇಳಿಸಲಿಲ್ಲ. ಅವನು ತನ್ನ ಎತ್ತು ಒಮ್ಮೆ ಗಾಣದಲ್ಲೇ ನಿಂತು ನಿದ್ದೆ ಹೋದ ಕಥೆಯನ್ನು ಅಬ್ಬರದಿಂದ ಹೇಳುತ್ತಲೇ ಇದ್ದ. ಎಲ್ಲರೂ ತನ್ನ ಹಿಂದೆ ನೋಡುವುದನ್ನು ಕಂಡು ಕತ್ತು ಹೊರಳಿಸಿ, "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸ್ವಾಮೀ, ಗಾಳಿಗೆ ಅಡ್ಡ ಆಗ್ತೀರಿ," ಎಂದ.

ಎಲ್ಲೋ ಮೂಲೆಯಲ್ಲಿ ಒಬ್ಬಳು ಕಿಸಕ್ಕೆಂದಳು. ದೊಡ್ಡವರು ಒಂದು ಹೆಜ್ಜೆ ಸರಿದರು. ಅವರನ್ನು ಈವರೆಗೆ ಯಾರೂ ಸರಿಯಿರಿ ಎಂದಿರಲಿಲ್ಲ.

ಇರುವಂತಿ ಗೋಡೆ ಹಿಡಿದು, ಆಮೇಲೆ ತಾಯಿಯ ಭುಜ ಹಿಡಿದು, ಎದ್ದು ನಿಂತಳು.

"ನೀವು ನಮ್ಮನೆಗೆ ಎಷ್ಟೋ ಸಲ ಬಂದ್ರಿ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮನೆಗೆ ಯಾರನ್ನಾದರೂ ಕರೆದಿದೀರಾ?"

"ಎಷ್ಟೋ ಜನರನ್ನು ಕರೆದುಕೊಂಡು ಹೋಗಿದ್ದೇನೆ."

"ಕರೆದುಕೊಂಡು ಹೋಗಿದೀರಿ. ಬನ್ನಿ ಅಂದಿದೀರಾ?"

ತುಂಬಿದ ಮನೆ ದೊಡ್ಡವರನ್ನೇ ನೋಡುತ್ತಿತ್ತು. ಅಷ್ಟು ಜನರ ಮುಂದೆ ಇಲ್ಲ ಅನ್ನುವುದು ಅವರಂಥ ಮರ್ಯಾದಸ್ಥರಿಗೆ ಆಗುವ ಮಾತಲ್ಲ. ಅಂಗಿಯ ತೋಳನ್ನು ಸರಿಮಾಡಿಕೊಂಡು, ತುಸು ತಲೆ ಬಾಗಿಸಿ, "ಹಾಗಾದರೆ... ಬನ್ನಿ," ಎಂದರು.

"ಆಗಲಿ, ನಾಳೆ ಬೆಳಿಗ್ಗೇನೇ ಬರ್ತೀವಿ," ಎಂದಳು ಯಜಮಾನನ ಹೆಂಡತಿ.

"ಬೆಳಿಗ್ಗೆ ನಾನು..."

"ಅಡುಗೆ ನಾವೇ ತರ್ತೀವಿ. ನೀವೇನೂ ತೊಂದರೆ ತಗೋಬೇಡಿ."

ದೊಡ್ಡವರು ಇರುವಂತಿಯ ಕಡೆ ನೋಡಿದರು. ಅವಳ ಮಣಿಕಟ್ಟು ನೋಡಿದರು. ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಈಗ ಹೋಗಿ," ಎಂದಳು. ಕರೆದವಳೇ ಹೇಳಿದ್ದರಿಂದ ಅವರು ಹೋದರು.

ಬೆಳಿಗ್ಗೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊರಟಿತು. ಇರುವಂತಿಯನ್ನು ಗಾಣಿಗ ತನ್ನ ಎತ್ತಿನ ಮೇಲೆ ಕೂರಿಸಿದ. ಉಪ್ಪಿನವಳು ಸೇತುವೆಯ ತನಕ ಬಂದು, "ನನ್ನ ದಾರಿ ಈ ಕಡೆ ತಾಯಿ, ಇನ್ನೂ ಬೇಕಾದಷ್ಟು ಊರಿದಾವೆ," ಎಂದು ಕತ್ತೆ ತಿರುಗಿಸಿದಳು. ಉಳಿದವರು ಸೇತುವೆ ದಾಟಿದರು. ಅರಮನೆಯ ಹೆಬ್ಬಾಗಿಲು ಕೈ ತಾಗುವ ಮೊದಲೇ ತೆರೆದುಕೊಂಡಿತು. ಕರೆಸಿಕೊಂಡವರನ್ನು ತಡೆಯುವ ಬಲ ಆ ಬಾಗಿಲಿಗೂ ಇರಲಿಲ್ಲ.

ಒಳಗೆ ಉದ್ದಕ್ಕೂ ಕೋಣೆಗಳು, ಎಲ್ಲ ಬಾಗಿಲೂ ಮುಚ್ಚಿದ್ದವು. ಒಂದೊಂದು ಕೋಣೆಯಲ್ಲೂ ಒಬ್ಬೊಬ್ಬರೇ, ಬೆಳ್ಳಗೆ, ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆಂಬುದು ಅವರಿಗೆ ತಿಳಿದಂತಿರಲಿಲ್ಲ. ಜನ ಬಾಗಿಲು ತೆರೆದು ನೋಡಿ, ಮೊದಲು ಕರೆದವರನ್ನು ಕಾಣಬೇಕೆಂದು ಹಾಗೇ ಮುಂದಕ್ಕೆ ಸರಿದರು.

ಕಟ್ಟಕಡೆಯ ಕೋಣೆಗೆ ಕಿಟಕಿಯೇ ಇರಲಿಲ್ಲ. ಒಳಗಿಂದ ಅಗುಳಿ ಹಾಕಿತ್ತು.

"ಬರಬೇಡಿ," ಎಂದಿತು ಒಳಗಿನ ದನಿ. ಮೆಲುದನಿಯೇ, ಆದರೆ ನಡುಗುತ್ತಿತ್ತು.

"ಕರೆದಿರಲ್ಲ ದೊಡ್ಡವರೇ," ಎಂದ ಯಜಮಾನ. ಅವನಿಗೆ ನಿಜಕ್ಕೂ ಸಂಕೋಚವಾಗಿತ್ತು. "ಕರೆದ ಮೇಲೆ ಬರದೇ ಇದ್ದರೆ ಚೆನ್ನಾಗಿರುತ್ತಾ?"

ಗಾಣಿಗನಿಗೆ ಎರಡು ಮಾತೂ ಕೇಳಿಸಲಿಲ್ಲ. ಬಾಗಿಲು ತೆರೆಯದ್ದನ್ನು ಕಂಡು ಅವನು ಹೊರಗಿನಿಂದ ಸುತ್ತಿ ಬಂದು, ಅಂಗಳದಲ್ಲಿ ಸಿಕ್ಕ ಹಾರೆಯೊಂದನ್ನು ಗೋಡೆಗೆ ಹಾಕಿದ. ಒಂದು ಕಲ್ಲು ಉರುಳಿತು, ಇನ್ನೊಂದು ಉರುಳಿತು. ಬೆಳಗಿನ ಬಿಸಿಲು ಆ ಕಿಂಡಿಯಿಂದ ಒಳಗೆ ನುಗ್ಗಿತು. ಅಗುಳಿ ತಾನೇ ಕಳಚಿ ಬಿತ್ತು. ಜನ ಒಳಗೆ ಹೋದಾಗ ಕುರ್ಚಿಯ ಮೇಲೆ ಬಿಳಿ ಅಂಗಿ ಮಾತ್ರವಿತ್ತು. ಅದರ ಒಂದು ಮಡಿಕೆಯೂ ಕೆಟ್ಟಿರಲಿಲ್ಲ.

ಕೆಲವರು ಕೇಕೆ ಹಾಕಿದರು. ಇರುವಂತಿಯ ಕಣ್ಣಲ್ಲಿ ನೀರು ತುಂಬಿತು. ತನ್ನ ಬಣ್ಣಗಳ ಹೆಸರು ಕೇಳಿದ ಮೊದಲ ಮನುಷ್ಯ ಅವರೇ ಆಗಿದ್ದರಲ್ಲ. ಅವಳು ಅತ್ತದ್ದಕ್ಕೆ ಯಾರೂ ಬಯ್ಯಲಿಲ್ಲ.

ಆಮೇಲೆ ಒಬ್ಬೊಬ್ಬರೂ ತಮ್ಮವರನ್ನು ಹುಡುಕಿಕೊಂಡು ಕೋಣೆಗಳಿಗೆ ಹೋದರು. ಬಣ್ಣಗಾರ್ತಿ ಒಂದು ಬಾಗಿಲ ಮುಂದೆ ತುಂಬ ಹೊತ್ತು ನಿಂತಳು. ಒಳಗೆ ಅವಳ ಗಂಡ ಕೂತಿದ್ದ. ಹೋದಾಗ ಹೇಗಿದ್ದನೋ ಹಾಗೇ, ಹರೆಯದವನು. ಕೈ ಮಾತ್ರ ಬೆಳ್ಳಗಿತ್ತು.

"ಬನ್ನಿ," ಎಂದಳು ಬಣ್ಣಗಾರ್ತಿ. "ಮನೆಗೆ ಹೋಗೋಣ."

ಅವನು ತಲೆಯೆತ್ತಿದ. ಅವಳ ನರೆತ ಕೂದಲನ್ನು ನೋಡಿದ, ಕೆಂಪು ಕೈಯನ್ನು ನೋಡಿದ. ಗುರುತು ಸಿಕ್ಕಿತು. "ಇನ್ನು ಆಗಲ್ಲ ಕಣೇ," ಎಂದ. "ಕೂಸು?"

"ಇವಳೇ."

ಅವನು ಇರುವಂತಿಯನ್ನು ನೋಡುತ್ತಲೇ ಇದ್ದ. "ಎಷ್ಟು ಉದ್ದ ಬೆಳೆದುಬಿಟ್ಟಿದಾಳೆ," ಎಂದ. ಆಮೇಲೆ ಮುಚ್ಚಿದ ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದ. "ಅದನ್ನ ತೆಗೀರಿ. ಬಿಸಿಲು ನೋಡಿ ಯಾವ ಕಾಲವಾಯ್ತೋ."

ಬಣ್ಣಗಾರ್ತಿ ಅಲುಗಾಡಲಿಲ್ಲ. ಕಿಟಕಿ ತೆರೆದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಕೂತಲ್ಲಿಂದಲೇ ಅವಳಿಗೆ ಸಣ್ಣಗೆ ನಕ್ಕ. ಬಹಳ ಹೊತ್ತಿನ ಮೇಲೆ ಅವಳು ಕಿಟಕಿಯ ಚಿಲಕಕ್ಕೆ ಕೈ ಹಾಕಿದಳು. ತುಕ್ಕು ಹಿಡಿದ ಚಿಲಕ ಅವಳೊಬ್ಬಳಿಗೆ ಜಗ್ಗಲಿಲ್ಲ. ಇರುವಂತಿ ಬಂದು ತನ್ನ ಕೈಯನ್ನೂ ಸೇರಿಸಿದಳು.

ಬಿಸಿಲು ನೆಲದ ಮೇಲೆ ಬಿತ್ತು, ಅವನ ಪಾದದ ಮೇಲೆ ಬಿತ್ತು, ಮಡಿಲ ಮೇಲೆ, ಮುಖದ ಮೇಲೆ ಬಿತ್ತು. ಕಣ್ಣು ಕಿರಿದು ಮಾಡಿ, "ಆಹಾ, ಬೆಚ್ಚಗಿದೆ," ಎಂದ. ಅಷ್ಟೆ. ಆಮೇಲೆ ಅಲ್ಲಿ ಬಿಸಿಲಿತ್ತು, ಬಿಸಿಲಲ್ಲಿ ತೇಲುವ ಧೂಳಿತ್ತು.

ಉಳಿದ ಕೋಣೆಗಳಲ್ಲೂ ಕಿಟಕಿಗಳು ತೆರೆದುಕೊಳ್ಳುವ ಸದ್ದು ಒಂದರ ಹಿಂದೆ ಒಂದು ಕೇಳಿಸಿತು. ಎಲ್ಲಿಂದಲೋ ಅಳು ಬಂತು. ಬಣ್ಣಗಾರ್ತಿ ಬಿಸಿಲು ಆ ಕೋಣೆಯಿಂದ ಸರಿಯುವವರೆಗೂ ಕೂತಿದ್ದು, ಎದ್ದಳು.

ಹಿಂತಿರುಗುವಾಗ ಇರುವಂತಿ ಎತ್ತು ಹತ್ತಲಿಲ್ಲ, ತಾಯಿಯ ಕೈ ಹಿಡಿದು ನಡೆದಳು. ಜನ ಗುಂಪುಗುಂಪಾಗಿ ಮುಂದೆ ಹೋಗುತ್ತಿದ್ದರು. ಸೇತುವೆಯ ಹತ್ತಿರ ಬಣ್ಣಗಾರ್ತಿ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಳು.

"ನಿಮ್ಮಪ್ಪ ಒಂದು ಸಲ ಯಜಮಾನರ ಬಿಳೀ ಪಂಚೆಯನ್ನ ಮರೆತು ಬಣ್ಣದ ಹಂಡೆಗೆ ಹಾಕಿಬಿಟ್ಟಿದ್ದರು."

ಇರುವಂತಿ ನಿಂತು ತಾಯಿಯ ಮುಖ ನೋಡಿದಳು.

"ಆಮೇಲೆ ಹೆದರಿಕೊಂಡು ಬೇಲಿ ಹಾರಿ ಹೋಗಿ, ಕಬ್ಬಿನ ಗದ್ದೆಯಲ್ಲಿ ಕೂತು ದಿನವೆಲ್ಲ ಕಬ್ಬು ತಿಂದಿದ್ದರು," ಎಂದಳು ತಾಯಿ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಹಾಡೋಕೆ ಬರ್ತಿರಲಿಲ್ಲ. ಆದರೂ ಹಾಡೋರು. ಎಮ್ಮೆ ಕೂಡ ಎದ್ದು ಹೋಗ್ತಿತ್ತು."

"ಆಮೇಲೆ?" ಎಂದಳು ಇರುವಂತಿ.

ತಾಯಿ ಹೇಳಿದಳು. ಸೇತುವೆ ಮುಗಿಯಿತು, ಬೀದಿ ಬಂತು, ಮನೆ ಬಂತು. ತಾಯಿ ಇನ್ನೂ ಹೇಳುತ್ತಲೇ ಇದ್ದಳು.